ಕಾಕಾ ಹಾಕಿದ ಗೀಟು, ಮತ್ತ ನಿಮಗೆಲ್ಲಾರಿಗೂ ಶರಣು

ನಮ್ಮ ಕಲಬುರಗಿ ರಸ್ತೆದಾಗ ಎಷ್ಟು ಮಂದಿ ನಡ್ಕೊಂಡು, ಎಷ್ಟು ಮಂದಿ ಸೈಕಲ್ ಮ್ಯಾಲ ಹೋಗ್ತಾರ ಅಂತ ನಿಂತು ಎಣಸಿದ ವರದಿ ನಿನ್ನಿ ಮಧ್ಯಾಹ್ನ ಮಹಾನಗರ ಪಾಲಿಕೆಗೆ ಕೊಟ್ಟು ಬಂದ್ವಿ. ಇನ್‌ವರ್ಡ್ ಸಿಕ್ಕಾ ಹೊಡೆದು ಒಂದ್ ಕಾಪಿ ವಾಪಸ್ ಕೊಟ್ಟಾರ, ಅದನ್ನ ಮನಿಗೆ ತಂದು ದೇವರ ಮುಂದ ಇಟ್ಟೀನಿ. ರಾತ್ರಿ ನಿದ್ದಿ ಬರಲಿಲ್ಲ, ಅದಕ್ಕ ಎದ್ದು ಇದನ್ನ ಬರಿಲತ್ತೀನಿ. ಕೌಂಟ್ ಯಾಕ ಮಾಡಿದ್ವಿ, ಯಾರ್ಯಾರ ಕಡಿಂದ ಬೈಸ್ಕೊಂಡ್ವಿ, ಅದೆಲ್ಲಾ ನಿಮಗ ಗೊತ್ತದ, ಮತ್ತ ಹೇಳಂಗಿಲ್ಲ. ಅಂಕಿಗಳೂ ವರದಿಯಾಗೇ ಅವ.

ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ರಾಮ ಮಂದಿರ ಸರ್ಕಲ್‌ನಾಗ ಏಪ್ರಿಲ್ ಬಿಸಲಾಗ ತಲಿಗೆ ಟವಲ್ ಕಟ್ಕೊಂಡು ನಿಂತ ಕಾಲೇಜ್ ಹುಡುಗ್ರು ಹುಡುಗಿಯರು, ಶೀಟ್ ಎಲ್ಲಾ ಪುಕ್ಕಟ ಜೆರಾಕ್ಸ್ ಮಾಡಿಕೊಟ್ಟ ಅಣ್ಣ, ದಿನಾ ಸುಸ್ಲಾ ಮಿರ್ಚಿ ಕಟ್ಟಿ ಕಳಿಸಿದ ಅಕ್ಕ, ಕೂಡ್ಲಿಕ್ಕ ಸ್ಟೂಲ್ ಕೊಟ್ಟ ಅಂಗಡಿಯವ್ರು, ಎಲ್ಲಾ ಗೀಟು ಎಣಿಸಿ ಎಕ್ಸೆಲ್‌ನಾಗ ತುಂಬಿದ ತಂಗಿ, ನಿಮ್ಮೆಲ್ಲಾರ ಋಣ ನನ್ನ ಮ್ಯಾಲದ.

ನಮ್ಮ ರಿಟೈರ್ಡ್ ಇಂಜಿನಿಯರ್ ಸರ್ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಲೈಟ್ ಕಂಬದಿಂದ ಎದುರಿನ ಅಂಗಡಿ ತನಕ ಮನಸಿನ್ಯಾಗ ಒಂದು ಗೆರಿ ಎಳ್ಕೋರಿ, ಅದನ್ನ ದಾಟಿದವ್ರನ್ನ ಅಷ್ಟೇ ಎಣಸ್ರಿ, ಅದೇ ಮನಷ್ಯಾ ಮತ್ತ ದಾಟಿದ್ರ ಮತ್ತ ಎಣಸ್ರಿ, ಸೈಕಲ್ ಇಳಿದು ನೂಕ್ಕೋತ ಹೊಂಟಾವ ನಡಿಯಾವ ಅಂತ ಬರೀರಿ, ಹದಿನೈದು ಮಿನಿಟಿಗೊಂದು ಸಾಲು, ಇಷ್ಟನ್ನ ಕಲಿಸ್ಲಿಕ್ಕ ಅವ್ರು ಮೂರು ಆಯ್ತವಾರ ಕೊಟ್ರು. ಫುಟ್‌ಪಾತ್ ಬೇಕ್ರಿ ಅಂತ ಹೋದ್ರ ನೋಡೋಣ ಅಂತಾರ, ತಾಸಿಗೆ ಇಷ್ಟು ಮಂದಿ ಇಲ್ಲಿ ನಡೀತಾರ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಡಿಯಾವ್ರ ಸಲುವಾಗಿ ಮಾಡಿದ ಐಆರ್‌ಸಿ 103 ಪ್ರಕಾರ ನಡಿಲಿಕ್ಕ ಕಮ್ಮಿ ಅಂದ್ರೂ 1.8 ಮೀಟರ್ ಅಗಲ ಖಾಲಿ ಜಾಗ ಬೇಕು ಅಂತ ಬರದು ಕೊಟ್ರ ಉತ್ತರಾನೂ ಬರದೇ ಕೊಡಬೇಕಾಗ್ತದ ಅಂತ ಹೇಳಿದವ್ರೂ ಅವ್ರೇ. 2011ರ ಜನಗಣತಿಯಾಗ ಕೆಲಸಕ್ಕ ಹ್ಯಾಂಗ ಹೋಗ್ತೀರಿ ಅಂತ ಕೇಳಿದ್ರಲ್ಲ, ಆದ್ರ ಸಾಲಿಗೆ ಹೋಗೋ ಕೂಸು, ಸಂತಿಗೆ ಹೋಗೋ ಅವ್ವ ಆ ಪ್ರಶ್ನೆಯಾಗ ಬರಲಿಲ್ಲ, ನಾವು ಎಣಸೂಣ ಅಂದ್ರು. ಏಪ್ರಿಲ್ ಮೇದಾಗ ನಮ್ಮ ಕಡಿ ಸರ್ಕಾರಿ ಆಫೀಸ್ 8ಕ್ಕ ತೆಗೆದು 1.30ಕ್ಕ ಮುಚ್ಚತಾವ, ಅದಕ್ಕ ಬ್ಯಾರೆ ಊರಿನ ಟೈಮ್ ಇಟ್ಕೊಂಡ್ರ ಲೆಕ್ಕ ತಪ್ತದ ಅಂತ ಮುಂಜಾನಿ 6.30ಕ್ಕೇ ನಮ್ಮನ್ನ ನಿಲ್ಲಿಸಿದ್ರು. ಸರ್, ನಿಮ್ಮ ಕಾಲು ಮುಟ್ಟಿ ನಮಸ್ಕಾರ.

ರಾತ್ರಿ ಕೌಂಟ್ ನಮ್ಮ ಪ್ಲ್ಯಾನ್‌ನಾಗ ಇರ್ಲೇ ಇಲ್ಲ. ಕಸಬರಿಗಿ ಹಿಡ್ಕೊಂಡು ಹೊಂಟಿದ್ದ ಪೌರಕಾರ್ಮಿಕ ಅಕ್ಕ ಒಬ್ಬಾಕಿ ನನ್ನ ಶೀಟ್ ನೋಡಿ ಏನಿದು ಅಂತ ಕೇಳಿದ್ಲು, ಹೇಳಿದೆ. "ನಾವು ನಸಿಕಿನ್ಯಾಗ ನಾಲ್ಕಕ್ಕ ಮನಿ ಬಿಡ್ತೀವಿ ತಮ್ಮಾ, ಬಸ್ ಪುಕ್ಕಟ ಅದ ಖರೆ, ಆ ಹೊತ್ತಿಗಿ ಬಸ್ಸೇ ಇಲ್ಲ, ನಡ್ಕೊಂಡೇ ಬರ್ತೀವಿ. ನೀವು ಬರೂದ್ರಾಗ ನಮ್ದು ಅರ್ಧಾ ಕೆಲಸ ಮುಗದಿರ್ತದ" ಅಂದ್ಲು. ಅಕ್ಕಾ, ನೀವು ಆ ಮಾತು ಹೇಳಿದ್ದಕ್ಕೇ ನಾವು ಗಂಜ್ ಕಡಿ, ಅಂದ್ರ ಕಾಳುಕಡಿ ಮಾರ್ಕೆಟ್ ಹತ್ರ, ರಾತ್ರಿ 10ರಿಂದ ಮುಂಜಾನಿ 6ರ ತನಕ ಕೂತಿದ್ದು.

ಈಗ ಕಾಕಾ.

ಅವರ ಹೆಸರು ಹಾಕಬ್ಯಾಡ ಅಂದಾರ, ಹಾಕಂಗಿಲ್ಲ. ಗಂಜ್‌ನಾಗ ಹಮಾಲಿ ಮಾಡಿದವ್ರು, ಈಗ ಬೆನ್ನು ನೋವಂತ ಒಂದು ಅಡತಿ ಅಂಗಡಿ ಮುಂದ ರಾತ್ರಿ ಕಾವಲಿ. ಅಕ್ಷರ ಬರಂಗಿಲ್ಲ, ಖರೆ ತೊಗರಿ ಚೀಲ ಲಾರಿಗಿ ಏರಸೂ ಮುಂದ ಗೀಟ್ ಹಾಕಿ ಎಣಸಿ ಎಣಸಿ ಕೈ ಪಳಗಿದ್ದು. ನಾಲ್ಕು ಗೀಟ್ ಹಾಕಿ ಐದನೇದು ಅಡ್ಡ ಹೊಡಿಯೋದು ನಾವು ಟ್ರೇನಿಂಗ್ ತಗೊಂಡು ಕಲ್ತ್ವಿ, ಅವ್ರು ಅದನ್ನ ನೋಡಿ "ಇದು ನಮ್ಮ ಲೆಕ್ಕ ಅಲ್ಲೇನು?" ಅಂದ್ರು.

ಹನ್ನೆರಡರ ಸುಮಾರಿಗಿ ಗಾಳಿ ಎದ್ದಿತು, ಗುಡುಗು, ಆಮ್ಯಾಲ ಜೋರು ಮಳಿ, ಕರೆಂಟ್ ಹೋಯ್ತು. ಜೊತಿಗಿದ್ದ ಹುಡುಗ್ರಿಗೆ ಮನಿಂದ ಫೋನ್ ಮ್ಯಾಲ ಫೋನ್, ನಾನೇ ಹೋಗ್ರಿ ಅಂತ ಕಳಿಸಿದೆ. ಪ್ಯಾಡ್ ಹಾರಿ ನೀರಾಗ ಬಿತ್ತು, ಎರಡು ತಾಸಿಂದು ಶೀಟ್ ಶಾಯಿ ಕದಡಿ ಹೋಯ್ತು. ಸಾಕು, ಮನಿಗಿ ಹೋಗೋಣು ಅಂತ ಬ್ಯಾಗ್ ಎತ್ತಿದ್ದೆ. ಕಾಕಾ ತಗಡಿನ ತೆಳಗ ಒಣಗಿದ್ದ ಶಟರ್ ಮ್ಯಾಲ ಬ್ಯಾಟರಿ ಹಿಡಿದು, ಚಾಕ್‌ಪೀಸ್ ತೆಗೆದ್ರು. ಎಡಕ್ಕ ನಡಿಯಾವ್ರು, ಬಲಕ್ಕ ಸೈಕಲ್, ಹೆಣ್ಮಕ್ಕಳಾದ್ರ ಗೀಟಿನ ಮ್ಯಾಲ ಒಂದು ಚುಕ್ಕಿ. ನಾ ಮೊಬೈಲ್ ನೋಡಿ ಹದಿನೈದು ಮಿನಿಟ್ ಆತು ಅಂತ ಹೇಳ್ಬೇಕು, ಅವ್ರು ಅಡ್ಡಗೆರಿ ಎಳೀಬೇಕು. ಮಳಿ ಜಡೀಲತ್ತದ, ಅಂಥಾದ್ರಾಗೂ ಮಂದಿ ಬರ್ಲತ್ತಾರ, ಮಿಲ್ ಪಾಳಿ ಬಿಟ್ಟವ್ರು, ಹೋಟೆಲ್ ತೊಳೆದು ಮನಿಗಿ ಹೊಂಟವ್ರು, ಪ್ಲಾಸ್ಟಿಕ್ ಚೀಲ ತಲಿ ಮ್ಯಾಲ ಹೊದ್ದ ಒಬ್ಬಾಕಿ ಮುದುಕಿ. "ಚೀಲ ತಪ್ಪಿದ್ರ ಕೂಲಿ ಹೋಗ್ತಿತ್ತು, ಮಂದಿ ತಪ್ಪಿದ್ರ ಏನ್ ಹೋಗ್ತದ ತಮ್ಮಾ?" ಅಂತ ಕೇಳಿದ್ರು. ನನಗ ಏನೂ ಹೇಳ್ಲಿಕ್ಕ ಆಗಲಿಲ್ಲ.

ಮೂರು ಮುಕ್ಕಾಲಿಗಿ ಒಬ್ಬಾವ ಸೈಕಲ್ ಮ್ಯಾಲ ಬಂದ. ಕ್ಯಾರಿಯರಿಗಿ ಟಿಫಿನ್ ಡಬ್ಬಿ, ಹ್ಯಾಂಡಲ್‌ಗಿ ಬ್ಯಾಟರಿ ಕಟ್ಟಿದ್ದ, ಹಿಂದ ದೀಪ ಇಲ್ಲ, ನೀರು ನಿಂತಲ್ಲಿ ತಗ್ಗು ಕಾಣ್ದೆ ಹೊಯ್ದಾಡಿ ರಸ್ತೆ ನಡುವಿಗಿ ಬಂದ, ಹಿಂದಿಂದ ಲಾರಿ. ಏನೂ ಆಗಲಿಲ್ಲ, ಲಾರಿಯವ ಬ್ರೇಕ್ ಹೊಡೆದ, ಈತ ಕಾಲೂರಿ ನಿಂತು ಮತ್ತ ತುಳ್ಕೋತ ಹೋದ. ನಮ್ಮಪ್ಪ ಹ್ಯಾಂಗ ತೀರಿಕೊಂಡ ಅಂತ ನಿಮ್ಮೆಲ್ಲರಿಗೂ ಗೊತ್ತದ. ಅಪ್ಪನ ಸೈಕಲ್ಲಿಗೂ ಹಾಂಗೇ ಬ್ಯಾಟರಿ ಕಟ್ಟಿರ್ತಿತ್ತು. ನಾ ಅಲ್ಲೇ ಕಟ್ಟಿ ಮ್ಯಾಲ ಕೂತು ಅತ್ತೆ, ಇಷ್ಟು ವರ್ಷದಾಗ ಹಾಂಗ ಅತ್ತಿದ್ದಿಲ್ಲ, ಮಣ್ಣು ಕೊಟ್ಟ ದಿನಾನೂ ಇಲ್ಲ.

ಕಾಕಾ ಸಮಾಧಾನ ಮಾಡ್ಲಿಲ್ಲ. ನನ್ನ ಮೊಬೈಲ್ ತಗೊಂಡು ತಮ್ಮ ಎದುರಿಗಿ ಇಟ್ಕೊಂಡ್ರು. "ಅಳು, ಲೆಕ್ಕ ನಾ ನೋಡ್ತೀನಿ" ಅಂದ್ರು. ಬಲಕ್ಕ ಒಂದು ಗೀಟ್ ಹಾಕಿದ್ರು, ಆ ಸೈಕಲ್‌ನವಂದು. ಆಮ್ಯಾಲ ಒಂದು ತಾಸು ಒಬ್ಬರೇ ಎಣಸಿದ್ರು. ಕಸಬರಿಗಿ ಹಿಡಿದ ಅಕ್ಕಗಳು ಸಾಲಾಗಿ ಬರೂ ಮುಂದ ನನ್ನ ಭುಜ ತಟ್ಟಿ "ಏಳು, ಭಾಳ ಮಂದಿ ಬರ್ಲತ್ತಾರ" ಅಂದ್ರು, ಎದ್ದೆ.

ಮುಂಜಾನಿ ಶಟರ್ ಫೋಟೋ ಹೊಡಕೊಂಡು ಹೊಸಾ ಶೀಟಿಗಿ ಇಳಿಸಿದ್ವಿ. ನೆನೆದು ಹೋದ ಎರಡು ತಾಸಿಂದು ಲೆಕ್ಕದಾಗ ಹಿಡಿದಿಲ್ಲ, ಖಾಲಿ ಬಿಟ್ಟು ಮಳಿ ಅಂತ ಬರದೀವಿ. ಅಂಗಡಿ ಸಾಹುಕಾರ್ರು ಏನಿದು ಹೊಲಸು ಅಂತ ಸಿಟ್ಟಿಗೆದ್ದವ್ರು, ಕಾಕಾ ಹೇಳಿದ ಮ್ಯಾಲ ಎರಡು ದಿನ ಒರಸಲಿಲ್ಲ, ಅವ್ರಿಗೂ ಥ್ಯಾಂಕ್ಸ್. ವರದಿಯ ಕೊನೀ ಪುಟದಾಗ ಆ ಶಟರ್ ಫೋಟೋ ಹಾಕೀವಿ.

ಕಾಕಾ, ಇದನ್ನ ನಿಮ್ಮ ಮೊಮ್ಮಗಳಿಗೆ ಕಳಿಸೀನಿ, ಓದಿ ಹೇಳ್ತಾಳ. ನಿಮ್ಮ ಚಾಕ್‌ಪೀಸ್ ಡಬ್ಬಿ ನನ್ನ ಬ್ಯಾಗಿನ್ಯಾಗೇ ಉಳದದ, ಸೋಮವಾರ ರಾತ್ರಿ ತಂದು ಕೊಡ್ತೀನಿ, ಊಟ ಮಾಡಬ್ಯಾಡ್ರಿ, ಅವ್ವ ರೊಟ್ಟಿ ಪುಂಡಿಪಲ್ಯ ಕಟ್ಟಿ ಕೊಡ್ತಾಳ.