ಕಾರ್ಡೀಲಿಯಾ ಹಾರ್ವಿಯ ಹಟ

ಪ್ರಿಯ ಓದುಗರೇ,

ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿರುವ ನಮ್ಮ ಕನ್ನಡಿಗರಿಗೆಲ್ಲ ಕ್ಯಾಂಪ್ ರಾಂಡಲ್ ಅಂದ್ರೆ ಫುಟ್‌ಬಾಲ್ ಸ್ಟೇಡಿಯಂ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ, ಆ ಜಾಗದಲ್ಲಿ ಸೈನ್ಯದ ಶಿಬಿರವಿತ್ತು. ಸುಮಾರು 70,000 ಮಂದಿ ಅಲ್ಲಿ ಕವಾಯತು ಕಲಿತು ದಕ್ಷಿಣದ ರಾಜ್ಯಗಳ ವಿರುದ್ಧ ಹೋರಾಡಲು ಹೊರಟರು.

ಆಗ ವಿಸ್ಕಾನ್ಸಿನ್‌ನ ಜನಸಂಖ್ಯೆ 8 ಲಕ್ಷವೂ ಇರಲಿಲ್ಲ. ಅಷ್ಟರಲ್ಲೇ 90,000ಕ್ಕೂ ಹೆಚ್ಚು ಗಂಡಸರು ಯುದ್ಧಕ್ಕೆ ಹೋದರೆ ಊರಲ್ಲಿ ಉಳಿದವರ ಪಾಡೇನು? ಗೋಧಿ ಕೊಯ್ಲಿಗೆ ಹೆಂಗಸರು, ಮಕ್ಕಳು ಇಳಿದರು. ಹೋದವರಲ್ಲಿ 12,000ಕ್ಕೂ ಹೆಚ್ಚು ಮಂದಿ ವಾಪಸ್ ಬರಲಿಲ್ಲ. ಗುಂಡೇಟಿಗಿಂತ ಭೇದಿ, ಟೈಫಾಯ್ಡ್‌ಗಳಂಥ ಕಾಯಿಲೆಗೆ ಸತ್ತವರೇ ಜಾಸ್ತಿ.

ಅದಕ್ಕೇ ನನಗೆ ಈ ರಾಜ್ಯದ ಯುದ್ಧದ ಕಥೆಯಲ್ಲಿ ಎಲ್ಲ ಸೇನಾಪತಿಗಳಿಗಿಂತ ಕಾರ್ಡೀಲಿಯಾ ಹಾರ್ವಿ ದೊಡ್ಡವಳು. ಅವಳ ಗಂಡ ಲೂಯಿಸ್ ಹಾರ್ವಿ ಇಲ್ಲಿನ ಗವರ್ನರ್. 1862ರ ಏಪ್ರಿಲ್‌ನಲ್ಲಿ ಶೈಲೋ ಕದನದಲ್ಲಿ ಗಾಯಗೊಂಡವರನ್ನು ನೋಡಲು ಟೆನೆಸ್ಸಿಗೆ ಹೋಗಿದ್ದ. ದೋಣಿಯಿಂದ ದೋಣಿಗೆ ದಾಟುವಾಗ ಕಾಲು ಜಾರಿ ನದಿಗೆ ಬಿದ್ದು ಮುಳುಗಿ ಸತ್ತ. ಗವರ್ನರ್ ಆಗಿ ನಾಲ್ಕು ತಿಂಗಳೂ ಆಗಿರಲಿಲ್ಲ.

ಅವಳು ಮನೆ ಹಿಡಿದು ಕೂರಲಿಲ್ಲ. ಅದೇ ವರ್ಷ ರಾಜ್ಯದ ಪ್ರತಿನಿಧಿಯಾಗಿ ಮಿಸಿಸಿಪಿ ನದಿಯುದ್ದಕ್ಕೂ ಸೈನಿಕರ ಆಸ್ಪತ್ರೆಗಳನ್ನು ಸುತ್ತಿದಳು. ದಕ್ಷಿಣದ ಸೆಕೆಯಲ್ಲಿ, ಕೊಳಕಿನಲ್ಲಿ ಹುಡುಗರು ಗುಣವಾಗದೆ ಸಾಯುವುದನ್ನು ಕಣ್ಣಾರೆ ಕಂಡಳು. ಇವರನ್ನು ತಮ್ಮೂರಿನ ತಂಪು ಗಾಳಿಗೆ ಕಳಿಸಿದರೆ ಬದುಕುತ್ತಾರೆ ಅನ್ನುವುದು ಅವಳ ವಾದ. ಊರಿಗೆ ಕಳಿಸಿದರೆ ಸೈನ್ಯ ಬಿಟ್ಟು ಓಡಿಹೋಗುತ್ತಾರೆ ಅನ್ನುವುದು ಮೇಲಿನವರ ಭಯ. 1863ರಲ್ಲಿ ಅವಳು ನೇರ ಲಿಂಕನ್ ಹತ್ತಿರವೇ ಹೋದಳು. ಅಧ್ಯಕ್ಷರಿಗೂ ಅದೇ ಅನುಮಾನ. ಮಾತು ಒಂದೇ ದಿನಕ್ಕೆ ಮುಗಿಯಲಿಲ್ಲ. ಮತ್ತೆ ಮತ್ತೆ ಹೋಗಿ ಕೂತಳು, ವಿಸ್ಕಾನ್ಸಿನ್‌ನಲ್ಲೇ ಸೈನಿಕರ ಆಸ್ಪತ್ರೆ ತೆರೆಯಲು ಒಪ್ಪಿಸಿಯೇ ಬಂದಳು.

ಮ್ಯಾಡಿಸನ್‌ನ ಮೊನೋನಾ ಕೆರೆಯ ದಡದಲ್ಲಿ ಎಂಟು ಮೂಲೆಯ ಒಂದು ದೊಡ್ಡ ಮನೆಯಿತ್ತು. ಆಸ್ಪತ್ರೆ ಶುರುವಾಗಿದ್ದು ಅಲ್ಲೇ. ಯುದ್ಧ ಮುಗಿದ ಮೇಲೂ ಅವಳು ಆ ಮನೆ ಮುಚ್ಚಲು ಬಿಡಲಿಲ್ಲ. 1866ರಲ್ಲಿ ಅದು ಸೈನಿಕರ ಅನಾಥ ಮಕ್ಕಳ ಮನೆಯಾಯಿತು. ಗಂಡನ ಸಾವಿನ ದುಃಖದಲ್ಲೇ ಇಷ್ಟೆಲ್ಲ ಮಾಡಿದಳು, ಅಲ್ವಾ?

ಕ್ಯಾಪಿಟಲ್ (ರಾಜ್ಯದ ಶಾಸನಸಭೆಯ ಕಟ್ಟಡ) ಎದುರು ಹಾನ್ಸ್ ಕ್ರಿಶ್ಚಿಯನ್ ಹೆಗ್ ಪ್ರತಿಮೆಯನ್ನೂ ನೀವು ನೋಡಿರುತ್ತೀರಿ. ನಾರ್ವೆಯಿಂದ ಬಾಲಕನಾಗಿ ಬಂದವನು, ಗುಲಾಮಗಿರಿಯ ಕಟ್ಟಾ ವಿರೋಧಿ. ನಾರ್ವೆ ಮೂಲದವರೇ ತುಂಬಿದ್ದ 15ನೇ ವಿಸ್ಕಾನ್ಸಿನ್ ರೆಜಿಮೆಂಟನ್ನು ನಡೆಸಿ, 1863ರಲ್ಲಿ ಚಿಕಮಾಗಾ ಕದನದಲ್ಲಿ ಪ್ರಾಣ ಬಿಟ್ಟ. ವಲಸೆ ಬಂದ ನಮ್ಮಂಥವರಿಗೆ ಅವನ ಕಥೆ ಬೇರೆಯೇ ರೀತಿ ತಟ್ಟುತ್ತದೆ.

ಕ್ಯಾಪಿಟಲ್ ಚೌಕದಲ್ಲೇ ವಿಸ್ಕಾನ್ಸಿನ್ ವೆಟರನ್ಸ್ ಮ್ಯೂಸಿಯಂ ಇದೆ. ಪ್ರವೇಶಕ್ಕೆ ದುಡ್ಡಿಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ಸುಮ್ನೆ ಮಾಲ್ ಸುತ್ತಿಸುವ ಬದಲು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಮಕ್ಕಳಿಗೆ ಕಾರ್ಡೀಲಿಯಾ ಕಥೆಯನ್ನು ಕನ್ನಡದಲ್ಲೇ ಹೇಳಿ.

— ಸಂಪಾದಕರು