ಇಂಪ್ಲಾಂಟ್ ಹಾಕಿಸಿಕೊಂಡವರ ಕೈಗೆ ಒಂದು ಚೀಟಿ ಕೊಡಿ

ಮಾನ್ಯ ಸಂಪಾದಕರೇ,

ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡವರನ್ನು ಕೇಳಿ ನೋಡಿ. ನಿಮ್ಮ ದವಡೆಯಲ್ಲಿರುವುದು ಯಾವ ಕಂಪನಿಯದು, ಎಷ್ಟು ಉದ್ದ, ಎಷ್ಟು ದಪ್ಪ ಅಂತ. ಹಲವರಿಗೆ ಗೊತ್ತಿರುವುದಿಲ್ಲ. ಈ ವಿವರ ಬರೆದ ಚೀಟಿಯನ್ನು ಪ್ರತಿಯೊಬ್ಬ ರೋಗಿಗೂ ಕೊಡಿ ಎಂದು ಹಲ್ಲಿನ ಡಾಕ್ಟರುಗಳನ್ನು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಇಂಪ್ಲಾಂಟ್ ಸಾಮಾನ್ಯವಾಗಿ ಒಂದೇ ತುಂಡಲ್ಲ. ಮೂಳೆಯೊಳಗೆ ಕೂರುವುದು ಟೈಟಾನಿಯಂ ತಿರುಪು. ಅದರ ಮೇಲೆ ಅಬಟ್‌ಮೆಂಟ್ ಎನ್ನುವ ಚಿಕ್ಕ ಗೂಟ. ಅದರ ಮೇಲೆ ಕ್ಯಾಪ್, ಅಂದರೆ ಕನ್ನಡಿಯಲ್ಲಿ ನಮಗೆ ಕಾಣುವ ಹಲ್ಲು. ಗೂಟವನ್ನು ಹಿಡಿದಿಡುವುದು ಒಂದು ಪುಟ್ಟ ಸ್ಕ್ರೂ. ಅಗಿದು ಅಗಿದು ಅದು ಸಡಿಲವಾಗಬಹುದು. ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಇನ್ನೂ ಜಾಸ್ತಿ. ಮೂಳೆಯೊಳಗಿನ ಭಾಗ ಗಟ್ಟಿಯಾಗಿದ್ದರೆ ಹೆದರಬೇಕಿಲ್ಲ, ಸ್ಕ್ರೂ ಬಿಗಿಯಬಹುದು ಅಥವಾ ಬದಲಾಯಿಸಬಹುದು. ಆದರೆ ಒಂದು ಕಂಪನಿಯ ಬಿಡಿಭಾಗ ಎಷ್ಟೋ ಸಲ ಇನ್ನೊಂದಕ್ಕೆ ಕೂರುವುದಿಲ್ಲ. ಸ್ಕ್ರೂ ತಿರುಗಿಸುವ ಸಲಕರಣೆಯ ತುದಿಯೂ ಬೇರೆ ಬೇರೆ. ಅಂದಾಜಿನ ಮೇಲೆ ತಿರುಗಿಸಲು ಹೋದರೆ ಸ್ಕ್ರೂವಿನ ತಲೆ ಸವೆದು, ಸಣ್ಣ ಕೆಲಸ ದೊಡ್ಡದಾಗುತ್ತದೆ.

ನಮ್ಮ ಅಮ್ಮನಿಗೆ ಇದೇ ತೊಂದರೆ ಬಂತು. ಹಲ್ಲು ಅಲ್ಲಾಡತೊಡಗಿದಾಗ, ಅದನ್ನು ಹಾಕಿದ್ದ ಕ್ಲಿನಿಕ್ ಮುಚ್ಚಿಹೋಗಿತ್ತು. ಕಡತ ಸಿಗಲಿಲ್ಲ. ಹೊಸ ಡಾಕ್ಟರು ಪಾಪ, ಎಕ್ಸ್‌ರೇಯಲ್ಲಿ ತಿರುಪಿನ ಆಕಾರ ನೋಡಿ ಕಂಪನಿ ಯಾವುದಿರಬಹುದು ಎಂದು ಹುಡುಕಬೇಕಾಯಿತು. ಅಷ್ಟು ದಿನವೂ ಅಮ್ಮ ಒಂದೇ ಕಡೆ ಅಗಿದು ಊಟ ಮಾಡಿದರು.

ನನಗೆ ಸಂಕಟವಾಗುವುದು ಇದಕ್ಕೆ. ಇಂಪ್ಲಾಂಟಿನ ಪೊಟ್ಟಣದ ಜೊತೆಗೇ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಅಂಟುಚೀಟಿ ಬರುತ್ತದೆ. ರೋಗಿಯ ಕಡತಕ್ಕೆ ಅಂಟಿಸಲೆಂದೇ ಅದನ್ನು ಕೊಟ್ಟಿರುತ್ತಾರೆ. ಅದರದೊಂದು ಪ್ರತಿ ರೋಗಿಯ ಕೈಗೂ ಬಂದರೆ ಯಾರಿಗೇನು ನಷ್ಟ?

ಇದು ಬಹಳ ವರ್ಷ ಬಾಳುವ ವಸ್ತು ಅನ್ನುವುದನ್ನು ಮರೆಯಬಾರದು. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಆ ರೋಗಿ ಸುಮಾರು 40 ವರ್ಷ, ಕೊನೆಯವರೆಗೂ, ಅದನ್ನೇ ಬಳಸಿದರು. ಅಷ್ಟರಲ್ಲಿ ಡಾಕ್ಟರು ನಿವೃತ್ತರಾಗಬಹುದು, ನಾವೇ ಊರು ಬಿಟ್ಟಿರಬಹುದು, ಕಂಪನಿಯೇ ಆ ಮಾದರಿ ನಿಲ್ಲಿಸಿರಬಹುದು.

ಚೀಟಿಯ ಜೊತೆ ಕ್ಯಾಪ್ ಕೂರಿಸಿದ ದಿನದ ಎಕ್ಸ್‌ರೇಯನ್ನೂ ಕೊಡಬೇಕು. ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಸುತ್ತಲಿನ ಒಸಡಿಗೆ ಸೋಂಕು ತಗಲಿ ಮೂಳೆ ಕರಗಬಹುದು. ಸಿಗರೇಟ್ ಸೇದುವವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಈ ಭಯ ಜಾಸ್ತಿ. ಎಷ್ಟೋ ಸಲ ನೋವೇ ಇರುವುದಿಲ್ಲ, ಹಲ್ಲುಜ್ಜುವಾಗ ರಕ್ತ ಬರುತ್ತದೆ ಅಷ್ಟೇ. ಮೊದಲು ಮೂಳೆ ಎಲ್ಲಿಯವರೆಗೆ ಇತ್ತು ಎಂದು ಗೊತ್ತಿದ್ದರೆ ತಾನೇ ಈಗ ಎಷ್ಟು ಇಳಿದಿದೆ ಎಂದು ಹೇಳಲು ಸಾಧ್ಯ?

ಈಗಾಗಲೇ ಇಂಪ್ಲಾಂಟ್ ಇರುವವರು ಮುಂದಿನ ಸಲ ತಪಾಸಣೆಗೆ ಹೋದಾಗ ಈ ವಿವರ ಕೇಳಿ ಬರೆಸಿಕೊಳ್ಳಿ. ಹಲ್ಲು ಗಟ್ಟಿಯಾಗಿದೆ, ಈಗ ಯಾಕೆ ಅಂತ ಸುಮ್ನೆ ಕೂರಬೇಡಿ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಮನೆಯವರಿಗೂ ಕಳಿಸಿಡಿ.

ಇತಿ,
ನಿಮ್ಮ ಪತ್ರಿಕೆಯ ಓದುಗರೊಬ್ಬರು