ಮೈಸೂರು ಸಂಸದರಿಗೊಂದು ಬಹಿರಂಗ ಪತ್ರ: ವರ್ಷಕ್ಕೊಂದು ವಾರ ರೇಡಿಯೋದಲ್ಲಿ ಸಂಗೀತ ಕೊಡ್ಸಿ

ಮೈಸೂರು-ಕೊಡಗು ಕ್ಷೇತ್ರದ ಸನ್ಮಾನ್ಯ ಸಂಸದರಿಗೆ,

ನಮಸ್ಕಾರ. ರಸ್ತೆ, ರೈಲು, ಏರ್‌ಪೋರ್ಟ್ ರನ್‌ವೇ, ಕೊಡಗಿನ ಆನೆ ಹಾವಳಿ ಅಂತ ನಿಮ್ಮ ಆಫೀಸಿಗೆ ದಿನಾ ರಾಶಿಗಟ್ಟಲೆ ಅರ್ಜಿ ಬರ್ತಿರುತ್ತೆ, ಅದ್ರ ಮಧ್ಯೆ ಇದೊಂದು ರೇಡಿಯೋ ಅರ್ಜಿ. ಇದಕ್ಕೆ ಜಾಗ ಬೇಡ, ಟೆಂಡರ್ ಬೇಡ, ಶಂಕುಸ್ಥಾಪನೆ ಅಂತೂ ಬೇಡ್ವೇ ಬೇಡ. ಪ್ರತಿ ವರ್ಷ ಸೆಪ್ಟೆಂಬರ್ 10ರಿಂದ 16ರವರೆಗೆ ಕರ್ನಾಟಕದ ಎಲ್ಲಾ ಆಕಾಶವಾಣಿ ಕೇಂದ್ರಗಳಿಂದ ಒಂದು ವಾರ ಶಾಸ್ತ್ರೀಯ ಸಂಗೀತ ಬರ್ಬೇಕು, ಬೆಳಗ್ಗೆ ಮಧ್ಯಾಹ್ನ ಸಂಜೆ ರಾತ್ರಿ, ಆಯಾ ಹೊತ್ತಿಗೆ ಆಯಾ ರಾಗ, ಅದೂ ಮೇನ್ ಚಾನೆಲ್‌ನಲ್ಲೇ. ಇದನ್ನ ನೀವು ಪಾರ್ಲಿಮೆಂಟಲ್ಲಿ ಎತ್ತಬೇಕು ಅಂತ ನನ್ನ ಕೋರಿಕೆ.

ಅದ್ಯಾಕೆ ಸೆಪ್ಟೆಂಬರ್ 10 ಅಂದ್ರೆ, 1935ರಲ್ಲಿ ಅವತ್ತೇ ಮಹಾರಾಜಾ ಕಾಲೇಜಿನ ಸೈಕಾಲಜಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವ್ರು ಮೈಸೂರಿನ ತಮ್ಮ ಮನೆ ವಿಠ್ಠಲ ವಿಹಾರದಿಂದ ರೇಡಿಯೋ ಶುರು ಮಾಡಿದ್ದು. ಯಾವ ಸರ್ಕಾರದ ಸ್ಕೀಮೂ ಅಲ್ಲ, ಒಬ್ಬ ಮೇಷ್ಟ್ರು ಸ್ವಂತ ಹುಚ್ಚಿಗೆ ಮನೇಲಿ ಮಾಡಿದ್ದು. ಆಕಾಶವಾಣಿ ಅನ್ನೋ ಹೆಸರನ್ನೂ ಇಡೀ ದೇಶ ಆಮೇಲೆ ತಗೊಂಡ್ತು. 1942ರಲ್ಲಿ ಅದನ್ನ ಮೈಸೂರು ಸಂಸ್ಥಾನ ವಹಿಸ್ಕೊಂಡಾಗ ಪಟ್ಟದಲ್ಲಿದ್ದೋರು ನಿಮ್ಮ ಮನೆತನದ ಜಯಚಾಮರಾಜೇಂದ್ರ ಒಡೆಯರು, ಶ್ರೀವಿದ್ಯಾ ಅಂಕಿತದಲ್ಲಿ 90ಕ್ಕೂ ಹೆಚ್ಚು ಸಂಗೀತ ಕೃತಿ ಮಾಡಿದೋರು. ಮೆಟ್ನರ್ ಅಂತ ಒಬ್ಬ ರಷ್ಯನ್ ಕಂಪೋಸರ್ ಲಂಡನ್‌ನಲ್ಲಿ ಕಷ್ಟದಲ್ಲಿದ್ದಾಗ ಅವ್ರ ಸಂಗೀತ ರೆಕಾರ್ಡ್ ಆಗ್ಲಿ ಅಂತ ಇಲ್ಲಿಂದ ದುಡ್ಡು ಕೊಟ್ಟವ್ರೂ ಅವ್ರೇ. ಇದೆಲ್ಲ ನಿಮಗೆ ಗೊತ್ತಿರೋದೇ, ಹೊಗಳಿ ಕೆಲಸ ಮಾಡಿಸ್ಕೊಳ್ಳೋಕೆ ನೋಡ್ತಿದಾನೆ ಅಂದ್ಕೋಬೇಡಿ, ನಾನು ಬರೀತಿರೋದು ಅರಮನೆಗಲ್ಲ, ವೋಟು ಹಾಕಿ ಕಳಿಸಿರೋ ಎಂಪಿಗೆ.

ಇನ್ನು 16 ಎಂ.ಎಸ್. ಸುಬ್ಬುಲಕ್ಷ್ಮಿಯವರ ಹುಟ್ಟಿದ ದಿನ, 1916. ಮಧ್ಯದಲ್ಲಿ 12 ಬರುತ್ತೆ, 1992ರಲ್ಲಿ ಧಾರವಾಡದ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡ ದಿನ. ಹೀಗೆ ಮೈಸೂರು, ಧಾರವಾಡ, ಮದ್ರಾಸು ಮೂರೂ ಒಂದೇ ವಾರದೊಳಗೆ ಬಂದು ಕೂತಿವೆ, ಯಾವ ಕಮಿಟಿ ಕೂತು ಹುಡುಕಿದ್ರೂ ಇದಕ್ಕಿಂತ ಒಳ್ಳೇ ವಾರ ಸಿಗಲ್ಲ. ಹೆಚ್ಚಿನ ವರ್ಷ ದಸರಾನೂ ಅದರ ಹಿಂದೇನೇ ಬರುತ್ತೆ, ಅರಮನೆ ಮುಂದೆ ಸಂಗೀತ ಕಚೇರಿ ಕೇಳೋಕೆ ಹೋಗೋ ಜನಕ್ಕೆ ಕಿವಿ ರೆಡಿ ಆಗಿರುತ್ತೆ.

ಯೂಟ್ಯೂಬ್ ಇರೋವಾಗ ರೇಡಿಯೋ ಯಾರಿಗೆ ಬೇಕ್ರೀ ಅಂತ ನಿಮ್ಮ ಪಿಎ ಕೇಳ್ಬಹುದು. ಯೂಟ್ಯೂಬಲ್ಲಿ ಮನ್ಸೂರ್ ಅಂತ ಟೈಪ್ ಮಾಡ್ಬೇಕಾದ್ರೆ ಮನ್ಸೂರ್ ಅನ್ನೋರು ಇದ್ರು ಅಂತ ಮೊದ್ಲು ಗೊತ್ತಿರ್ಬೇಕಲ್ಲ, ಗೊತ್ತಿಲ್ಲದೋರಿಗೆ ಅದು ಯಾವತ್ತೂ ಎದುರಾಗಲ್ಲ. ರೇಡಿಯೋ ಹಾಗಲ್ಲ, ಕೃಷಿ ಕಾರ್ಯಕ್ರಮ ಕೇಳ್ತಾ ಇದ್ದೋರಿಗೆ, ಹೋಟ್ಲಲ್ಲಿ ದೋಸೆ ಹೊಯ್ಯೋರಿಗೆ, ಟೈಲರ್ ಅಂಗಡಿಯವ್ರಿಗೆ ಮುಂದಿನ ಪ್ರೋಗ್ರಾಂ ಅಂತ ತಾನಾಗೇ ಬಂದ್ಬಿಡುತ್ತೆ. ಇಷ್ಟ ಆಗ್ದಿದ್ರೆ ಆಫ್ ಮಾಡ್ತಾರೆ, ಹತ್ರಲ್ಲಿ ಒಬ್ರು ಆಫ್ ಮಾಡಲ್ಲ, ನನ್ನ ಆಸೆ ಇರೋದೇ ಆ ಒಬ್ರ ಮೇಲೆ. ಅದಕ್ಕೇ ಮೇನ್ ಚಾನೆಲ್ ಅಂತ ಒತ್ತಿ ಹೇಳ್ತಿರೋದು. 2004ರಲ್ಲಿ ಬೆಂಗಳೂರಿಂದ ಅಮೃತವರ್ಷಿಣಿ ಅಂತ ಶಾಸ್ತ್ರೀಯ ಸಂಗೀತಕ್ಕೇ ಒಂದು ಎಫ್‌ಎಂ ಶುರುವಾಯ್ತು, 2016ರಲ್ಲಿ ರಾಗಂ ಅಂತ ಇಪ್ಪತ್ನಾಲ್ಕು ಗಂಟೆಯ ಚಾನೆಲ್ಲೂ ಬಂತು, ಎರಡೂ ಒಳ್ಳೇ ಕೆಲಸ, ಆದ್ರೆ ಅಲ್ಲಿಗೆ ಹೋಗೋದು ಮೊದಲೇ ರುಚಿ ಹತ್ತಿರೋ ನಮ್ಮಂಥೋರು.

ಈಗ ಹೊತ್ತಿನ ವಿಷಯಕ್ಕೆ ಬರ್ತೀನಿ, ಈ ಪತ್ರ ಬರೆಯೋಕೆ ಕೂತಿದ್ದೇ ಇದಕ್ಕೆ. ನಮ್ಮೂರಲ್ಲಿ ಕಚೇರಿ ಅಂದ್ರೆ ಸಂಜೆ. ವಿ.ವಿ. ಮೊಹಲ್ಲಾ ಎಂಟನೇ ಕ್ರಾಸಿನ ಗಣಪತಿ ಕಚೇರಿ ಆಗ್ಲಿ, ಸಂಗೀತ ಸಭೆಗಳದ್ದಾಗ್ಲಿ, ಆಫೀಸು ಮುಗಿಸಿ ಜನ ಬರ್ಬೇಕಲ್ಲ, ಅದು ಸರಿನೇ. ಹಿಂದೂಸ್ತಾನಿಯಲ್ಲಿ ರಾಗಕ್ಕೆ ಹೊತ್ತು ಅಂತ ಕಟ್ಟುನಿಟ್ಟಾಗಿ ಇದೆ, ಹಾಗಾಗಿ ಸಂಜೆ ಕಚೇರಿ ಅಂದ್ರೆ ಯಮನ್, ಪೂರಿಯಾ ಧನಾಶ್ರೀ, ಬಾಗೇಶ್ರೀ, ಜಾಸ್ತಿ ಅಂದ್ರೆ ಮಾಲ್ಕೌಂಸ್. ಬೆಳಗಿನ ರಾಗ ಎಲ್ಲೋ ಒಂದು ಪ್ರಾತಃಕಾಲದ ಸಂಗೀತ ಅಂತ ಮಾಡಿದ್ರೆ ಸಿಗುತ್ತೆ. ಮಧ್ಯಾಹ್ನದ ರಾಗಗಳ ಗತಿ ಏನು? ಸಾರಂಗ, ಭೀಮಪಲಾಸಿ, ಮುಲ್ತಾನಿ ಇವನ್ನ ಅವುಗಳ ಹೊತ್ತಲ್ಲಿ ಸ್ಟೇಜ್ ಮೇಲೆ ಕೇಳಿರೋರು ಎಷ್ಟು ಜನ ಇದಾರೆ ಹೇಳಿ. ಮಧ್ಯಾಹ್ನ ಮೂರೂವರೆಗೆ ಯಾವ ಸಭೆಯವ್ರೂ ಕಚೇರಿ ಇಡಲ್ಲ, ಇಟ್ರೂ ಹಾಲ್ ಖಾಲಿ. ದಿನದ ಎಲ್ಲಾ ಗಂಟೇಲೂ ಬಾಗಿಲು ತೆರೆದಿರೋ ಸಭೆ ಅಂದ್ರೆ ರೇಡಿಯೋ ಒಂದೇ.

ಒಂದೇ ಒಂದು ಉದಾಹರಣೆ ಕೊಡ್ತೀನಿ. ಬೆಳಗ್ಗೆ ಒಂಬತ್ತಕ್ಕೆ ಹಿಂದೂಸ್ತಾನಿ ತೋಡಿ ಹಾಕಿ (ನಮ್ಮ ಕರ್ನಾಟಕ ಸಂಗೀತದ ತೋಡಿ ಅಲ್ಲ, ಅದರ ಸ್ವರಗಳು ನಮ್ಮ ಕಡೆ ಶುಭಪಂತುವರಾಳಿಗೆ ಹತ್ತಿರ). ಅದೇ ದಿನ ಮಧ್ಯಾಹ್ನ ಮೂರೂವರೆಗೆ ಮುಲ್ತಾನಿ ಹಾಕಿ. ಎರಡರಲ್ಲೂ ಸ್ವರಗಳು ಅವೇ ಏಳು, ಷಡ್ಜ ಪಂಚಮ ನಿಷಾದದ ಜೊತೆ ಕೋಮಲ ರಿಷಭ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಕೋಮಲ ಧೈವತ (ಕೋಮಲ ಅಂದ್ರೆ ಒಂಚೂರು ಇಳಿಸಿದ ಸ್ವರ, ತೀವ್ರ ಅಂದ್ರೆ ಏರಿಸಿದ್ದು), ಒಂದೂ ಆಚೀಚೆ ಇಲ್ಲ. ಆದ್ರೆ ಮುಲ್ತಾನಿ ಹತ್ತುವಾಗ ರಿಷಭ ಧೈವತ ಎರಡನ್ನೂ ಬಿಟ್ಟು, ಕೆಳಗಿನ ನಿಷಾದದಿಂದ ಷಡ್ಜ ಮುಟ್ಟಿ ಸೀದಾ ಗಾಂಧಾರಕ್ಕೆ ಹೋಗಿ ತೀವ್ರ ಮಧ್ಯಮದ ಜೊತೆ ತೂಗಾಡ್ತಾ ಪಂಚಮಕ್ಕೆ ಬಂದು ಕೂರುತ್ತೆ, ಬಿಟ್ಟ ಎರಡು ಸ್ವರ ಇಳಿಯುವಾಗ ಮಾತ್ರ ಕಾಣಿಸ್ಕೊಳ್ಳುತ್ತೆ. ತೋಡಿ ಹಾಗಲ್ಲ, ಅದು ಆ ರಿಷಭ ಗಾಂಧಾರ ಧೈವತದಲ್ಲೇ ಮುಳುಗಿರುತ್ತೆ. ಬೆಳಗ್ಗೆ ಎದೆ ಭಾರ ಮಾಡಿದ್ದ ಸ್ವರಗಳೇ ಮಧ್ಯಾಹ್ನ ಬಿಸಿಲಲ್ಲಿ ಬೇರೇನೋ ಆಗಿ ಕೇಳಿಸುತ್ತೆ. ಸಂಗೀತ ಕಲೀದೇ ಇರೋರಿಗೂ ಇದು ತಿಳಿಯುತ್ತೆ, ಒಂದೇ ದಿನ ಎರಡೂ ಕಿವಿಗೆ ಬೀಳ್ಬೇಕು ಅಷ್ಟೆ. ಹಾಗೆ ಬೀಳೋ ಹಾಗೆ ಮಾಡೋಕೆ ಒಂದು ಗಡಿಯಾರ, ಒಂದು ರೆಕಾರ್ಡಿಂಗ್ ಸಾಕು, ಆಕಾಶವಾಣಿ ಹತ್ರ ಎರಡೂ ಇದೆ. (ಮೊಬೈಲ್ ಆಪಲ್ಲಿ ನಮ್ಮ ಸ್ಟೇಷನ್ ಕೇಳೋ ನ್ಯೂಜೆರ್ಸಿ ಕನ್ನಡದೋರಿಗೆ ಮಾತ್ರ ಆ ಮುಲ್ತಾನಿ ಬೆಳಗ್ಗೆ ಆರು ಗಂಟೆಗೆ ಬರುತ್ತೆ, ಅವ್ರು ಅಡ್ಜಸ್ಟ್ ಮಾಡ್ಕೋಬೇಕು.) ಕರ್ನಾಟಕ ಸಂಗೀತದಲ್ಲಿ ಹೊತ್ತಿನ ನಿಯಮ ಅಷ್ಟು ಬಿಗಿ ಇಲ್ಲ, ಆದ್ರೂ ಬೆಳಗ್ಗೆ ಭೂಪಾಳ, ರಾತ್ರಿ ಮಲಗೋ ಮುಂಚೆ ನೀಲಾಂಬರಿ ಹಾಕಿದ್ರೆ ಬೇಡ ಅನ್ನೋರು ಯಾರು?

ಎರಡನೇ ಮಾತು, ಈ ವಾರದಲ್ಲಿ ಕೇಂದ್ರಗಳು ಪರಸ್ಪರ ಅದಲು ಬದಲು ಮಾಡ್ಕೋಬೇಕು. ನಮ್ಮ ರಾಜ್ಯದಲ್ಲಿ ಎರಡು ಸಂಗೀತ ಇದೆ, ದಕ್ಷಿಣದಲ್ಲಿ ಕರ್ನಾಟಕ, ಉತ್ತರದಲ್ಲಿ ಹಿಂದೂಸ್ತಾನಿ ಅಂತ ಭಾಷಣದಲ್ಲಿ ಎಲ್ರೂ ಹೆಮ್ಮೆಯಿಂದ ಹೇಳ್ತಾರೆ, ಆದ್ರೆ ಈ ಕಡೆ ಬೆಳೆದೋರು ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವ್ರನ್ನ ಕೇಳಿರಲ್ಲ, ಆ ಕಡೆಯೋರು ವಿ. ದೊರೆಸ್ವಾಮಿ ಅಯ್ಯಂಗಾರ್ ಅವ್ರ ವೀಣೆ ಕೇಳಿರಲ್ಲ. ಧಾರವಾಡ ಕೇಂದ್ರ 1950ರಲ್ಲಿ ಶುರುವಾಗಿದ್ದು, ಮನ್ಸೂರರೇ ಅಲ್ಲಿ ಸಂಗೀತ ಸಲಹೆಗಾರರಾಗಿದ್ರು. ದೊರೆಸ್ವಾಮಿ ಅಯ್ಯಂಗಾರ್ ಬೆಂಗಳೂರು ಕೇಂದ್ರದಲ್ಲಿದ್ದೋರು, ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವ್ರೂ ದಶಕಗಳ ಕಾಲ ರೇಡಿಯೋದಲ್ಲೇ ಕೆಲಸ ಮಾಡಿದೋರು. ಅಂದ್ರೆ ಇವ್ರೆಲ್ಲ ಯಾವತ್ತೋ ಬಂದು ಹಾಡಿ ಚೆಕ್ ತಗೊಂಡು ಹೋದ ಗೆಸ್ಟ್‌ಗಳಲ್ಲ, ಆ ಸಂಸ್ಥೆಯ ಮನೆ ಮಂದಿ. ಸೆಪ್ಟೆಂಬರ್ 12ಕ್ಕೆ ಮೈಸೂರು ಕೇಂದ್ರ ಬೆಳಗ್ಗೆ ಮನ್ಸೂರರ ಶಿವಮತ ಭೈರವ ಹಾಕ್ಲಿ, ಬಹಾದುರಿ ತೋಡಿ ಹಾಕ್ಲಿ, ಬೇರೆಯವ್ರು ಅಪರೂಪಕ್ಕೆ ಮುಟ್ಟೋ ಅಂಥ ರಾಗಗಳನ್ನ ಅವ್ರು ಮನೆ ಹಿತ್ತಲಲ್ಲಿ ಓಡಾಡಿದಷ್ಟು ಸಲೀಸಾಗಿ ಹಾಡ್ತಿದ್ರು. ಅದೇ ವಾರ ಧಾರವಾಡದವ್ರು ನಮ್ಮ ಮೈಸೂರಿನ ಚೌಡಯ್ಯನವರ ಏಳು ತಂತಿ ಪಿಟೀಲು ಕೇಳ್ಲಿ. ಮಂಗಳೂರು, ಭದ್ರಾವತಿ, ಕಲಬುರಗಿಯವ್ರು ಎರಡೂ ಕೇಳ್ಲಿ.

ಆಕಾಶವಾಣಿ ಸಂಗೀತ ಸಮ್ಮೇಳನ ಇದೆಯಲ್ಲ ಅಂತ ಉತ್ತರ ಬರ್ಬಹುದು. ಇದೆ, 1954ರಿಂದ ಇದೆ, ಅದು ದೇಶದ್ದು, ರಾತ್ರಿದು. ನಾನು ಕೇಳ್ತಿರೋದು ನಮ್ಮ ರಾಜ್ಯದ್ದು, ಇಡೀ ದಿನದ್ದು.

ಹಾಗಂತ ಯಾರ ಸಿನಿಮಾ ಹಾಡನ್ನೂ ಕಿತ್ಕೊಳ್ಳಿ ಅಂತ ನಾನು ಹೇಳ್ತಿಲ್ಲ, ಇದನ್ನ ದಯವಿಟ್ಟು ಗಮನಿಸಿ. ಆ ಪ್ರಯೋಗ ಒಂದ್ಸಲ ಆಗಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ಪ್ರಸಾರ ಖಾತೆ ಮಂತ್ರಿ ಆದ್ರು, ಶಾಸ್ತ್ರೀಯ ಸಂಗೀತದ ಮೇಲೆ ಅಪಾರ ಪ್ರೀತಿ, ಆ ಪ್ರೀತಿಯಲ್ಲಿ ರೇಡಿಯೋದಿಂದ ಸಿನಿಮಾ ಹಾಡು ಹೆಚ್ಚೂಕಮ್ಮಿ ಓಡಿಸಿಬಿಟ್ರು. ಜನ ಏನು ಮಾಡಿದ್ರು? ಮುಳ್ಳು ತಿರುಗಿಸಿ ಶ್ರೀಲಂಕಾದ ರೇಡಿಯೋ ಸಿಲೋನಿಗೆ ಹೋದ್ರು, ಅಲ್ಲಿ ಅಮೀನ್ ಸಯಾನಿಯವರ ಸಿನಿಮಾ ಹಾಡಿನ ಕಾರ್ಯಕ್ರಮ ಬಿನಾಕಾ ಗೀತ್‌ಮಾಲಾ ಮನೆಮಾತಾಯ್ತು, ಕೊನೆಗೆ 1957ರಲ್ಲಿ ಸರ್ಕಾರನೇ ವಿವಿಧ ಭಾರತಿ ಶುರು ಮಾಡಿ ಹಾಡು ವಾಪಸ್ ತರ್ಬೇಕಾಯ್ತು. ಕೇಸ್ಕರ್ ಕಾಲದ ಒಳ್ಳೇದೂ ಉಂಟು, ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ, ಸಮ್ಮೇಳನ, ಆಕಾಶವಾಣಿ ಕಲಾವಿದರಿಗೆ ಕೊಡೋ, ಕಚೇರಿ ಇನ್ವಿಟೇಷನ್ ಮೇಲೆ ಇವತ್ತಿಗೂ ಪ್ರಿಂಟ್ ಆಗೋ ಎ ಗ್ರೇಡ್, ಬಿ ಹೈ ಗ್ರೇಡ್ ಅನ್ನೋ ಬಿರುದುಗಳು ಬೇರು ಬಿಟ್ಟಿದ್ದು ಆಗ್ಲೇ. ಆದ್ರೆ ಬಲವಂತವಾಗಿ ಉಣ್ಣಿಸಿದ್ರೆ ಜನ ಎಲೆ ಬಿಟ್ಟು ಏಳ್ತಾರೆ. ಅದಕ್ಕೇ ವರ್ಷದ 52 ವಾರದಲ್ಲಿ ಒಂದು ಕೇಳ್ತಿದೀನಿ, ಉಳಿದ 51 ಹೇಗಿದೆಯೋ ಹಾಗೇ ಇರ್ಲಿ.

ಕೆಲವು ಸಣ್ಣ ವಿಷಯಗಳೂ ಇವೆ, ಇವೇ ಹಾಳಾಗೋದು. ಕಚೇರಿ ಪೂರ್ತಿ ಬರ್ಬೇಕು. ತನಿ ಆವರ್ತನ (ಮೃದಂಗದೋರು ಒಬ್ರೇ ನುಡಿಸೋ ಭಾಗ) ಶುರುವಾಗಿ ಮೃದಂಗದೋರು ಮುಕ್ತಾಯಕ್ಕೆ ಬರ್ತಿರೋವಾಗ ಟೈಮಾಯ್ತು ಅಂತ ಮೆಲ್ಲಗೆ ಫೇಡ್ ಮಾಡಿ ಜಾಹೀರಾತು ಹಾಕೋ ಅಭ್ಯಾಸ ಒಂದಿದೆ, ಯಾವ ಸ್ಟೇಷನ್ನು ಅಂತ ಹೇಳಲ್ಲ, ಆ ಒಂದು ವಾರ ಅದು ಬೇಡ. ಹಾಡೋಕೆ ಮುಂಚೆ ರಾಗ, ತಾಳ, ರಚನೆ ಯಾರದ್ದು ಅಂತ ನಿಧಾನಕ್ಕೆ ಹೇಳ್ಬೇಕು, ಮುಗಿದ ಮೇಲೆ ಇನ್ನೊಂದ್ಸಲ ಹೇಳ್ಬೇಕು, ಪಕ್ಕವಾದ್ಯದವರ ಹೆಸರು, ಸಾಧ್ಯವಾದ್ರೆ ತಂಬೂರಿಯವರ ಹೆಸರೂ ಸೇರಿಸಿ. ಎಷ್ಟೋ ಮನೇಲಿ ರಾಗ ಗುರುತಿಸೋದು ಕಲಿತಿದ್ದು ಗುರುಗಳ ಹತ್ರ ಅಲ್ಲ, ಅನೌನ್ಸರ್ ಹತ್ರ. ಯಾವತ್ತು ಎಷ್ಟು ಗಂಟೆಗೆ ಯಾರು ಅನ್ನೋ ಪಟ್ಟಿ ಹದಿನೈದು ದಿನ ಮುಂಚೆ ಪೇಪರಲ್ಲಿ ಬರ್ಲಿ. ಹಳೇ ಟೇಪಿನ ಜೊತೆ ದಿನಕ್ಕೊಂದಾದ್ರೂ ಲೈವ್ ಇರ್ಲಿ, ಮಧ್ಯಾಹ್ನದ ಸ್ಲಾಟನ್ನ ಹೊಸದಾಗಿ ಆಡಿಷನ್ ಪಾಸಾದ ಹುಡುಗ ಹುಡುಗೀರಿಗೆ ಕೊಡಿ, ಭೀಮಪಲಾಸಿನ ಅದರ ಹೊತ್ತಲ್ಲಿ ಹಾಡೋ ಅವಕಾಶ ಅವ್ರಿಗೂ ಇನ್ನೆಲ್ಲೂ ಸಿಗಲ್ಲ.

ನೀವು ಏನು ಮಾಡ್ಬಹುದು ಅಂತ ಹೇಳಿ ಮುಗಿಸ್ತೀನಿ. ಆಕಾಶವಾಣಿ ನಡೆಸೋ ಪ್ರಸಾರ ಭಾರತಿ 1997ರಿಂದ ಸ್ವಾಯತ್ತ ಸಂಸ್ಥೆ, ಇಂಥದ್ದೇ ಹಾಕಿ ಅಂತ ಮಂತ್ರಿ ಆರ್ಡರ್ ಮಾಡೋ ಹಾಗಿಲ್ಲ, ಮಾಡಲೂಬಾರದು, ಕೇಸ್ಕರ್ ಕಥೆ ಮೇಲೆ ಹೇಳಿದೀನಲ್ಲ. ಆದ್ರೆ ಲೋಕಸಭೆಯಲ್ಲಿ ನಿಯಮ 377ರಲ್ಲಿ ವಿಷಯ ಪ್ರಸ್ತಾಪ ಮಾಡ್ಬಹುದು, ಕರ್ನಾಟಕದ ಕೇಂದ್ರಗಳ ಹಳೇ ಧ್ವನಿಮುದ್ರಿಕೆಗಳಲ್ಲಿ ಎಷ್ಟು ಡಿಜಿಟೈಸ್ ಆಗಿದೆ ಅಂತ ಲಿಖಿತ ಪ್ರಶ್ನೆ ಹಾಕ್ಬಹುದು, ಉತ್ತರ ಲಿಖಿತದಲ್ಲೇ ಬರುತ್ತೆ. ರಾಜ್ಯದ ಬೇರೆ ಎಂಪಿಗಳ ಸಹಿ ಹಾಕಿಸಿ ಪ್ರಸಾರ ಭಾರತಿಗೆ ಒಂದು ಪತ್ರ ಬರೀಬಹುದು, ಧಾರವಾಡದ ಎಂಪಿಯವ್ರು ಇದಕ್ಕೆ ಇಲ್ಲ ಅನ್ನಲ್ಲ ಅಂದ್ಕೊಂಡಿದೀನಿ, ಪಕ್ಷ ಯಾವುದೇ ಇರ್ಲಿ. ಮುಂಗಾರು ಅಧಿವೇಶನ ಸಾಮಾನ್ಯವಾಗಿ ಜುಲೈ ಆಗಸ್ಟಲ್ಲಿ ನಡೆಯುತ್ತೆ, ಆಗ ಕೇಳಿದ್ರೆ ಸೆಪ್ಟೆಂಬರ್‌ಗೆ ಟೈಮ್ ಸಾಲಲ್ಲ, ಅದಕ್ಕೆ ಬಜೆಟ್ ಅಧಿವೇಶನದಲ್ಲೇ ಕೇಳಿಬಿಡಿ. 2035ಕ್ಕೆ ಗೋಪಾಲಸ್ವಾಮಿಯವರ ರೇಡಿಯೋಗೆ ನೂರು ವರ್ಷ ತುಂಬುತ್ತೆ, ಆಗ ಹೇಗೂ ದೊಡ್ಡ ಸಮಾರಂಭ, ಪೆಂಡಾಲು, ಫ್ಲೆಕ್ಸು ಎಲ್ಲಾ ಇರುತ್ತೆ, ಅಷ್ಟರೊಳಗೆ ಈ ವಾರ ಜನಕ್ಕೆ ರೂಢಿ ಆಗಿರ್ಲಿ.

ಇಂತಿ,
ಮಧ್ಯಾಹ್ನ ಮೂರೂವರೆಗೂ ರೇಡಿಯೋ ಕೇಳೋ ನಿಮ್ಮ ಕ್ಷೇತ್ರದ ಒಬ್ಬ ಮತದಾರ